ಹಿಟ್ಟಿನ ಹೈಕೋರ್ಟಿಗೆ ಒಂದು ಪೊಟ್ಟಣ

ಜನವರಿ 4

ಪೊಟ್ಟಣಕ್ಕೆ,

ಈ ಅಕ್ಷರ ನೋಡಿ, ಯಾವುದೋ ಕೋಳಿ ಮಸಿಯಲ್ಲಿ ಕಾಲದ್ದಿ ಕಾಗದದ ಮೇಲೆ ಓಡಾಡಿದೆ ಎಂದುಕೊಳ್ಳಬೇಡ. ಬರೆಯುತ್ತಿರುವವಳು ನಿನ್ನ ಅಕ್ಕ. ಎಡಗೈಯಲ್ಲಿ. ಬಲಗೈ ಕೈಕೊಟ್ಟಿದೆ.

ನವೆಂಬರಿನಲ್ಲಿ ಒಂದು ಬೆಳಿಗ್ಗೆ ಬೇಕರಿಯ ಷಟರ್ ಎತ್ತುತ್ತಿದ್ದೆ. ಸೊಂಟದವರೆಗೆ ಬಂದಿತ್ತು. ಇದ್ದಕ್ಕಿದ್ದಂತೆ ಬಲಗೈ ಹಿಟ್ಟಿನ ಮೂಟೆಯಷ್ಟು ಭಾರವಾಯಿತು. ಷಟರ್ ಕೆಳಗೆ ಬಂತು, ಅದರ ಜೊತೆಗೆ ನಾನೂ ಬಂದೆ. ಪಾರ್ಶ್ವವಾಯು ಎಂದರು. ಕಾಲು ಮೂರು ವಾರದಲ್ಲಿ ಬುದ್ಧಿ ಕಲಿಯಿತು, ನಾಲಿಗೆ ಮೂರೇ ದಿನದಲ್ಲಿ. ನಾಲಿಗೆಯ ವಿಷಯದಲ್ಲಿ ಅಷ್ಟು ಅವಸರ ಬೇಕಿರಲಿಲ್ಲ ಎಂಬುದು ಈ ಆಸ್ಪತ್ರೆಯ ನರ್ಸುಗಳೆಲ್ಲರ ಒಮ್ಮತದ ಅಭಿಪ್ರಾಯ. ಕೈ ಮಾತ್ರ ಎದ್ದಿಲ್ಲ. ಮಡಿಲಲ್ಲಿ ಮಲಗಿಸಿದರೆ ಮಲಗಿರುತ್ತದೆ, ಬೇರೆ ಯಾರದ್ದೋ ಮಗುವಿನ ಹಾಗೆ.

ಇಲ್ಲಿ ಕೈಗೆ ಕೆಲಸ ಕಲಿಸುವ ಹುಡುಗಿಯೊಬ್ಬಳಿದ್ದಾಳೆ. ನಾನು ಅವಳನ್ನು ಕೈಟೀಚರ್ ಎನ್ನುತ್ತೇನೆ. "ಅಮ್ಮಾ, ದಿನಕ್ಕೊಂದು ಪುಟ ಎಡಗೈಯಲ್ಲಿ ಬರೀರಿ. ಯಾರಾದ್ರೂ ಪ್ರೀತಿಪಾತ್ರರಿಗೆ ಪತ್ರ ಬರೀರಿ" ಎಂದಳು. ಪ್ರೀತಿಪಾತ್ರರೆಲ್ಲ ದಿನಾ ಸಂಜೆ ಸೇಬು ಹಿಡಿದು ಬಂದು ನನ್ನ ಮಂಚದ ಸುತ್ತ ಕೂತಿರುತ್ತಾರೆ. ಅವರಿಗೆ ಬರೆಯಲು ಏನಿದೆ? ಮೂರು ದಿನ ಪೆನ್ನು ಕಚ್ಚಿಕೊಂಡು ಕೂತೆ. ನಾಲ್ಕನೆಯ ದಿನ ಹೊಳೆಯಿತು: ಬೈಯಲು ಕೂತರೆ ಪುಟ ತಾನಾಗಿ ತುಂಬುತ್ತದೆ. ಬೈಯಲು ಮೊದಲು ನೆನಪಿಗೆ ಬಂದವಳು ನೀನು. ಹನ್ನೊಂದು ವರ್ಷದ ದಾಸ್ತಾನು ಇದೆ.

ಆದರೆ ನೋಡು, ಕೈಕೊಟ್ಟ ಕೈಯ ಕಥೆ ಹೇಳುವಷ್ಟರಲ್ಲೇ ಪುಟ ಮುಗಿಯಿತು. ಬೈಗುಳ ನಾಳೆಯಿಂದ.

ಇದು ಕೈಬರಹದ ಅಭ್ಯಾಸ. ಉತ್ತರ ಬರೆಯುವ ಅಗತ್ಯವಿಲ್ಲ.

ಇತಿ,
ನಿನ್ನ ಅಕ್ಕ (ಹುಟ್ಟಿನಿಂದ, ಬೇರೆ ಕಾರಣವಿಲ್ಲ)


ಜನವರಿ 15

ಹಿಟ್ಟಿನ ಹೈಕೋರ್ಟಿನ ಸನ್ನಿಧಾನಕ್ಕೆ,

ಅಗತ್ಯವಿಲ್ಲದ ಉತ್ತರ ಇದು. ನಾನು ನೀನು ಬೇಡ ಎಂದದ್ದನ್ನೇ ಮಾಡುವವಳು ಎಂಬ ತೀರ್ಪು ಹೇಗೂ ನಿನ್ನ ಕೋರ್ಟಿನಲ್ಲಿ ಆಗಿಹೋಗಿದೆಯಲ್ಲ.

ಮೊದಲ ಪತ್ರದ ನಂತರ ಒಂಬತ್ತು ಪುಟ ಬೈಗುಳ ಬಂದಿವೆ. ಎಲ್ಲ ಓದಿದೆ. ನಿನ್ನ ಎಡಗೈ ಅಕ್ಷರ ಬಲಗೈಯದ್ದಕ್ಕಿಂತ ಚೆನ್ನಾಗಿದೆ. ಆಗ ನಿನ್ನ ಆರ್ಡರ್ ಚೀಟಿ ಓದಲಾಗದೆ 'ನಲವತ್ತು ಬನ್' ಬದಲು 'ನಾನೂರು ಬನ್' ಮಾಡಿಟ್ಟು ಮೂರು ದಿನ ಬನ್ನನ್ನೇ ಉಂಡದ್ದು ನೆನಪಿದೆಯೇ? ಎಡಗೈ ಮೊದಲೇ ಬಂದಿದ್ದರೆ ಬದುಕಿಕೊಳ್ಳುತ್ತಿದ್ದೆವು.

ನಾನಿಲ್ಲಿ ಅದೇ ಕಾರ್ಖಾನೆಯಲ್ಲಿದ್ದೇನೆ. ಕೇಕ್ ಪುಡಿ ಪೊಟ್ಟಣ ಮಾಡುವ ಕಾರ್ಖಾನೆ. ನೀನು 'ಆ ಜಾಗ' ಎಂದು ಬರೆದಿದ್ದೀಯಲ್ಲ, ಜೈಲಿಗೆ ಹೇಳುವ ಹಾಗೆ, ಅದೇ ಜಾಗ. ರುಚಿ ನೋಡುವ ವಿಭಾಗ. ಬಿಳಿ ಕೋಟು, ತಲೆಗೆ ಬಲೆ. ದಿನಕ್ಕೆ ಹದಿನಾಲ್ಕು ಕೇಕು ಚೂರುಚೂರು ತಿಂದು ಅಂಕ ಕೊಡುತ್ತೇನೆ. ದಪ್ಪಗಾಗಿದ್ದೇನೆ. ಖುಷಿಪಡು.

ಒಂದು ಕೇಳಲೇ? ಷಟರ್ ಎತ್ತುವಾಗ ಇನ್ನೊಂದು ತುದಿ ಯಾರು ಹಿಡಿಯುತ್ತಿದ್ದರು? ಹತ್ತೊಂಬತ್ತು ವರ್ಷ ನೀನು ಬಲ ತುದಿ, ನಾನು ಎಡ ತುದಿ. "ಒಂದು, ಎರಡು, ಎತ್ತೇ!" ಆಮೇಲೆ?

ಇತಿ,
ಪೊಟ್ಟಣ


ಜನವರಿ 27

ಪೊಟ್ಟಣಕ್ಕೆ,

ಆಮೇಲೆ ಯಾರೂ ಇಲ್ಲ. ನಡುವೆ ನಿಂತು ಒಬ್ಬಳೇ ಎತ್ತಿದೆ. ಎತ್ತಲಿಲ್ಲವೇ ಹನ್ನೊಂದು ವರ್ಷ? ಮುಂದಿನ ಪ್ರಶ್ನೆ.

ಮುಂದಿನ ಪ್ರಶ್ನೆ ನನ್ನ ಮಗನದು. ನಿನಗೆ ಗೊತ್ತಿರುವ ಹಾಗೆ ನಾನು ಜನರ ಬಾಯಿಗೆ ಸಿಹಿ ತುಂಬಿದೆ, ಅವನು ಅದೇ ಬಾಯಿಯ ಹಲ್ಲು ಕಿತ್ತು ದೊಡ್ಡ ಡಾಕ್ಟರಾದ. ಈಗ ನನ್ನನ್ನೂ ಬೇರುಸಹಿತ ಕೀಳಲು ಹೊರಟಿದ್ದಾನೆ. ಬೇಕರಿಯನ್ನೂ ಮೇಲಿನ ನನ್ನ ಎರಡು ಕೋಣೆಗಳನ್ನೂ ಯಾರೋ ಟೈಲರ್ ದಂಪತಿಗೆ ಬಾಡಿಗೆಗೆ ಕೊಡುವ ಮಾತಾಗಿದೆ. ಮಾರ್ಚ್ ಕೊನೆಗೆ ಅವರು ಬರುತ್ತಾರಂತೆ. ನಾನು ಮಗನ ಫ್ಲಾಟಿಗೆ. "ಅಮ್ಮಾ, ನಿನಗೊಂದು ಒಳ್ಳೇ ರೂಮ್ ರೆಡಿ ಮಾಡಿದೀವಿ, ಕಿಟಕಿ ಕೂಡ ಇದೆ" ಎನ್ನುತ್ತಾನೆ. ಕಿಟಕಿ ಕೂಡ! ಅದರಿಂದ ಕಾರು ನಿಲ್ಲಿಸುವ ಜಾಗ ಕಾಣುತ್ತದೆ. ನನ್ನನ್ನೂ ಅಲ್ಲಿ ನಿಲ್ಲಿಸುತ್ತಾರೆ.

ಕೆಟ್ಟವನಲ್ಲ ಅವನು. ನೆಲದ ಮೇಲೆ ಬಿದ್ದಿದ್ದ ನನ್ನನ್ನು ಮೊದಲು ನೋಡಿದವನು ಅವನು. ಅವತ್ತಿನಿಂದ ಅವನಿಗೆ ಭಯ. ಭಯಕ್ಕೆ ಕಾಳಜಿ ಎಂದು ಹೆಸರಿಟ್ಟು ಸಾಕುತ್ತಿದ್ದಾನೆ. "ಬಲಗೈನೇ ಇಲ್ಲ ಅಂದ್ಮೇಲೆ ಬಲ ಎಲ್ಲಿಂದ ಬರತ್ತಮ್ಮಾ?" ಎಂದ. ಕೈಲಾಗದವಳು ಎಂಬ ಪದವನ್ನು ಇಷ್ಟು ಅಂದವಾಗಿ ಯಾರೂ ಸುತ್ತಿ ಕೊಟ್ಟಿರಲಿಲ್ಲ.

ಒಂದೇ ದಾರಿ ಇದೆ. ಒಬ್ಬಳೇ ಇರಬಲ್ಲೆ ಎಂದು ಕೈಟೀಚರ್ ಬರೆದುಕೊಟ್ಟರೆ ಮಗ ಒಪ್ಪಬೇಕು. ಹಾಗೆಂದು ಅವಳೆದುರು ಮಾತು ಕೊಟ್ಟಿದ್ದಾನೆ. ಅದಕ್ಕೊಂದು ಪರೀಕ್ಷೆ. ಮಾರ್ಚ್ 18ಕ್ಕೆ ಇಲ್ಲಿನ ಅಡುಗೆಕೋಣೆಯಲ್ಲಿ ಒಂದು ತಿನಿಸನ್ನು ಮೊದಲಿನಿಂದ ಕೊನೆಯವರೆಗೆ ನಾನೇ ಮಾಡಬೇಕು. ಮನೆಯವರು ನೋಡಬಹುದು, ಮುಟ್ಟುವಂತಿಲ್ಲ. ಬೇರೆಯವರ ಕೈ ತಾಗಿದರೆ ಪರೀಕ್ಷೆ ಅಲ್ಲಿಗೇ ಬರಖಾಸ್ತು, ಮತ್ತೆ ಮೂರು ತಿಂಗಳ ನಂತರ. ಅಷ್ಟರಲ್ಲಿ ನನ್ನ ಕೋಣೆಯಲ್ಲಿ ಹೊಲಿಗೆ ಯಂತ್ರ ಕೂತಿರುತ್ತದೆ.

ನಿನ್ನೆ ಬ್ರೆಡ್ ಮಾಡಿ ನೋಡಿದೆ. ಎಡಗೈಯಲ್ಲಿ ನಾದಿದರೆ ಕಣಕ ಮುಂದೆ ಹೋಗುತ್ತದೆ. ಹಿಡಿಯಲು ಇನ್ನೊಂದು ಕೈ ಇಲ್ಲ. ಮೇಜಿನ ತುದಿಯವರೆಗೂ ಹೋಗಿ, ಒಂದು ಕ್ಷಣ ಯೋಚಿಸಿ, ನೆಲಕ್ಕೆ ಹಾರಿತು. ನಲವತ್ತು ವರ್ಷ ನಾದಿದವಳಿಗೆ ಹಿಟ್ಟೇ ಬೆನ್ನು ತೋರಿಸಿತು.

ನಿನ್ನನ್ನು ಉಪಾಯ ಕೇಳುತ್ತಿಲ್ಲ. ಪುಟ ತುಂಬಿಸುತ್ತಿದ್ದೇನೆ.

ಇತಿ,
ಅಕ್ಕ


ಫೆಬ್ರವರಿ 5

ಅಕ್ಕಾ,

ನೀನು ಕೇಳಲಿಲ್ಲ, ನಾನು ಹೇಳುತ್ತಿಲ್ಲ. ನಾನೂ ಪುಟ ತುಂಬಿಸುತ್ತಿದ್ದೇನೆ.

ಹಣ್ಣಿನ ಕಾಬ್ಲರ್. ಹೆಸರು ಕೇಳಿ ಚಪ್ಪಲಿಗೆ ಕೈಹಾಕಬೇಡ, ಎಸೆದರೆ ಇಲ್ಲಿಯವರೆಗೆ ಬರುವುದಿಲ್ಲ. ಕೆಳಗೆ ಬಿಸಿ ಹಣ್ಣು, ಮೇಲೆ ಕೇಕಿನಂಥ ಗರಿಗರಿ ಹೊದಿಕೆ. ಬೇಕಾದದ್ದು ಮೂರೇ: ಪಾಕದಲ್ಲಿ ನೆನೆಸಿದ ಅನಾನಸ್ಸಿನ ದೊಡ್ಡ ಡಬ್ಬಿ ಒಂದು, ಅರ್ಧ ಅಚ್ಚು ಬೆಣ್ಣೆ, ಮತ್ತೆ... ಉಸಿರು ಬಿಗಿಹಿಡಿ... ಒಂದು ಪೊಟ್ಟಣ ಕೇಕ್ ಪುಡಿ. ನಾದುವುದಿಲ್ಲ, ಕಲಸುವುದಿಲ್ಲ, ಲಟ್ಟಿಸುವುದಿಲ್ಲ, ಮೊಟ್ಟೆ ಒಡೆಯುವುದಿಲ್ಲ.

ಹೆಬ್ಬೆರಳಿಗೆ ಸಿಗುವಂಥ ಉಂಗುರ ಇರುವ ಡಬ್ಬಿಯನ್ನೇ ತರಿಸು. ಡಬ್ಬಿಯನ್ನು ಮೇಜಿನ ಡ್ರಾಯರಿನೊಳಗೆ ನಿಲ್ಲಿಸಿ ಡ್ರಾಯರನ್ನು ಸೊಂಟದಿಂದ ಒತ್ತಿ ಹಿಡಿ. ಡಬ್ಬಿ ಅಲ್ಲಾಡುವುದಿಲ್ಲ, ಎಡಗೈಯಲ್ಲಿ ಉಂಗುರ ಎಳೆ. ನಿನ್ನ ಸೊಂಟದ ಬಲ ನನಗೆ ಗೊತ್ತು. ಎಷ್ಟು ಸಲ ಅದರಿಂದ ನನ್ನನ್ನು ಓವನ್ ಮುಂದಿನಿಂದ ಪಕ್ಕಕ್ಕೆ ದಬ್ಬಿದ್ದೀಯ. ಆಳವಾದ ಓವನ್ ತಟ್ಟೆಯ ಕೆಳಗೆ ಒದ್ದೆ ಬಟ್ಟೆ ಹಾಸು, ಜಾರುವುದಿಲ್ಲ. ಹಣ್ಣನ್ನು ಪಾಕದ ಸಮೇತ ತಟ್ಟೆಗೆ ಸುರಿ. ಪೊಟ್ಟಣವನ್ನು ಭಾರದ ಪಾತ್ರೆಯ ಕೆಳಗೆ ಸಿಕ್ಕಿಸಿ ಕತ್ತರಿಯಲ್ಲಿ ಕತ್ತರಿಸು. ಪುಡಿಯನ್ನು ಹಣ್ಣಿನ ಮೇಲೆ ಸಮನಾಗಿ ಉದುರಿಸು. ತಣ್ಣನೆಯ ಬೆಣ್ಣೆಯನ್ನು ಕಾಗದದಷ್ಟು ತೆಳ್ಳಗೆ ಹೆರೆದು, ಪುಡಿ ಎಲ್ಲೂ ಕಾಣದ ಹಾಗೆ ಮುಚ್ಚು. ನೂರಾ ಎಂಬತ್ತು ಡಿಗ್ರಿ, ಮುಕ್ಕಾಲು ಗಂಟೆ. ಅಷ್ಟೇ.

ಕೆಂಪು ಮಸಿಯಲ್ಲಿ ಬರೆಯುತ್ತೇನೆ: ಕಲಕಬೇಡ.

ಇದರ ಜೊತೆಯಲ್ಲೇ ನಮ್ಮ ಕಾರ್ಖಾನೆಯ ಒಂದು ಪೊಟ್ಟಣ ಕಳಿಸಿದ್ದೇನೆ. ಇದಕ್ಕೆ ಹತ್ತರಲ್ಲಿ ಒಂಬತ್ತು ಅಂಕ ಕೊಟ್ಟವಳು ನಾನೇ.

ಇತಿ,
ಪೊಟ್ಟಣ


ಫೆಬ್ರವರಿ 12

ನಿನ್ನ ಪೊಟ್ಟಣವನ್ನು ಇದೇ ಅಂಚೆಯಲ್ಲಿ ವಾಪಸ್ ಕಳಿಸಿದ್ದೇನೆ. ಒಡೆದಿಲ್ಲ. ಮೂಸಿಯೂ ನೋಡಿಲ್ಲ.

ಎಷ್ಟು ಧೈರ್ಯ ನಿನಗೆ! ಮೈದಾ, ಸಕ್ಕರೆ, ಬೆಣ್ಣೆ ತೂಗಿ ತೂಗಿ ನನ್ನ ಕೈ ತಕ್ಕಡಿಯಾಗಿತ್ತು. ಆ ಕೈ ಹೋಯಿತೆಂದು ತಿಳಿದ ಕೂಡಲೇ ಪೊಟ್ಟಣ ಹಿಡಿದು ಬಂದೆಯಾ? ಅವತ್ತು ಅಂಚೆ ಕಚೇರಿಯ ದೊಡ್ಡ ಸಾಹೇಬರ ನಿವೃತ್ತಿಗೆ ಇನ್ನೂರು ತುಂಡು ಕೇಕಿನ ಆರ್ಡರ್. ನನಗೆ ಜ್ವರ ಎಂದು ಒಂದು ದಿನ ಮೇಲೆ ಮಲಗಿದ್ದಕ್ಕೆ, ನನ್ನ ಬೇಕರಿಯಲ್ಲಿ, ನನ್ನ ಓವನ್ನಿನಲ್ಲಿ, ಮೂಲೆಯಂಗಡಿಯ ಪೊಟ್ಟಣ ಒಡೆದು ಕೇಕ್ ಮಾಡಿ ಕಳಿಸಿದವಳು ನೀನು. ಮರುದಿನ ಕಸದ ಬುಟ್ಟಿಯಲ್ಲಿ ಹನ್ನೆರಡು ಖಾಲಿ ಪೊಟ್ಟಣ ಎಣಿಸಿದೆ. ಅವತ್ತಿನವರೆಗೂ ನೀನು ಪುಟ್ಟಿ. ಅವತ್ತಿನಿಂದ ಪೊಟ್ಟಣ.

ಒಂದು ಕೈಯಲ್ಲಿ ಸೋಲುತ್ತೇನೆ, ಆದರೆ ನನ್ನ ಹಿಟ್ಟಿನಲ್ಲೇ ಸೋಲುತ್ತೇನೆ.

ಅಕ್ಕ


ಫೆಬ್ರವರಿ 17

ಅಕ್ಕಾ,

ಸೋಲು. ಚೆನ್ನಾಗಿ ಸೋಲು. ಸೋತು ಮಗನ ಮನೆಯ ಕಿಟಕಿಯಲ್ಲಿ ಕೂತು ಕಾರು ಎಣಿಸು. "ನನ್ನ ಹಿಟ್ಟು, ನನ್ನ ಹಿಟ್ಟು" ಎಂದು ಅಲ್ಲಿ ಯಾರ ಹತ್ತಿರ ಹೇಳುತ್ತೀಯ? ಡ್ರೈವರುಗಳ ಹತ್ತಿರವೇ?

ಕಥೆ ಹೇಳುವುದಾದರೆ ಪೂರ್ತಿ ಹೇಳಬೇಕು. ನಿನಗೆ ಜ್ವರ ನೂರ ಮೂರು ಇತ್ತು. ನಾನು ಅರ್ಧ ದಿನ ನಿನ್ನ ಹಣೆಗೆ ಒದ್ದೆ ಬಟ್ಟೆ ಹಾಕುತ್ತಾ ಮೇಲೆ, ಇನ್ನರ್ಧ ದಿನ ಕೆಳಗೆ. ಕೇಕು ಕೊಡಬೇಕಾದ ಹೊತ್ತಿಗೆ ನಾಲ್ಕೇ ಗಂಟೆ ಉಳಿದಿತ್ತು. ಆರ್ಡರ್ ವಾಪಸ್ ಮಾಡಿದರೆ ನಿನಗೆ ಅವಮಾನ ಎಂದು ಓಡಿಹೋಗಿ ಪೊಟ್ಟಣ ತಂದೆ.

ನೀನು ಬಿಟ್ಟ ಭಾಗ ಇನ್ನೊಂದಿದೆ. ಸಂಜೆ ಶಾಲು ಸುತ್ತಿಕೊಂಡು ನೀನು ಕೆಳಗೆ ಬಂದೆ. ತಟ್ಟೆಯಿಂದ ಒಂದು ತುಂಡು ತೆಗೆದು ಬಾಯಿಗೆ ಹಾಕಿಕೊಂಡೆ. ಕಣ್ಣು ಮುಚ್ಚಿದೆ. "ನೋಡ್ದ್ಯಾ? ನಾನು ಮಲಗಿದ್ರೂ ನನ್ನ ಅಳತೆ ನಿನ್ನ ಕೈಲಿ ಕೂತಿದೆ. ಇದು ನನ್ನ ಕೇಕು ಕಣೇ" ಎಂದೆ. ಹತ್ತೊಂಬತ್ತು ವರ್ಷದಲ್ಲಿ ನೀನು ನನ್ನನ್ನು ಹೊಗಳಿದ್ದು ಅದೊಂದೇ ಸಲ. ಅದೂ ನಿನ್ನನ್ನೇ ಹೊಗಳಿಕೊಂಡು. ಹಾಗಾಗಿ ಹೇಳಲಾರದೆ ಸುಮ್ಮನಿದ್ದೆ.

ಮರುದಿನ ನೀನು ಬೀದಿಯಲ್ಲಿ ನಿಂತು ಕೂಗಿದ್ದು ಪೊಟ್ಟಣಕ್ಕಲ್ಲ, ಅಕ್ಕಾ. ಪೊಟ್ಟಣ ರುಚಿಯಾಗಿತ್ತಲ್ಲ, ಅದಕ್ಕೆ.

ಇನ್ನು ನಾನು ಬರೆಯುವುದಿಲ್ಲ. ಕೈಬರಹದ ಅಭ್ಯಾಸಕ್ಕೆ ಬೇರೆ ಯಾರನ್ನಾದರೂ ಹುಡುಕಿಕೋ.

ನಿನ್ನ ತಂಗಿ


ಮಾರ್ಚ್ 6

ಪೊಟ್ಟಣಕ್ಕೆ,

ನಿನ್ನ ರೆಸಿಪಿ ಶುದ್ಧ ಸುಳ್ಳು.

ಇಷ್ಟು ದಿನ ಏನೇನು ಮಾಡಿದೆ ಎಂದು ಕೇಳಬೇಡ. ಇನ್ನು ಬರೆಯುವುದಿಲ್ಲ ಎಂದಿದ್ದೀಯ, ಆದ್ದರಿಂದ ನಾನೇ ಹೇಳುತ್ತೇನೆ. ಬನ್ ಮಾಡಿದೆ, ಕಲ್ಲಾಯಿತು. ಮೊಟ್ಟೆಯನ್ನು ಒಂದು ಕೈಯಲ್ಲಿ ಒಡೆದೆ, ಅರ್ಧ ಮೊಟ್ಟೆ ಬಟ್ಟಲಿಗೆ, ಅರ್ಧ ಕೈಟೀಚರ್ ಸೀರೆಗೆ. "ಪರ್ವಾಗಿಲ್ಲಮ್ಮಾ" ಎಂದಳು, ಆ ಪದ ಕೇಳಿದರೆ ನನಗೆ ಮೈ ಉರಿಯುತ್ತದೆ. ಭಾನುವಾರ ಟೈಲರ್ ದಂಪತಿ ನನ್ನ ಕೋಣೆ ನೋಡಲು ಹೋಗಿದ್ದರಂತೆ. ಹೊಲಿಗೆ ಯಂತ್ರ ನನ್ನ ಮಂಚದ ಜಾಗದಲ್ಲಿ ಸರಿಯಾಗಿ ಕೂರುತ್ತದೆ ಎಂದು ಟೇಪು ಹಿಡಿದು ಅಳೆದರಂತೆ. ಸೊಸೆ ಇದನ್ನು ಸಂತೋಷದಿಂದ ಹೇಳಿದಳು.

ಆ ಸಂಜೆ ನರ್ಸಿನ ಕೈಲಿ ಒಂದು ಪೊಟ್ಟಣ ತರಿಸಿದೆ. ನಿನ್ನ ಕಾರ್ಖಾನೆಯದ್ದಲ್ಲ, ಬೇರೆಯದ್ದು. ಅಷ್ಟು ಸುಲಭಕ್ಕೆ ಸಿಕ್ಕುವವಳಲ್ಲ ನಾನು. ಡ್ರಾಯರು, ಸೊಂಟ, ಉಂಗುರ ಎಲ್ಲ ನೀನು ಹೇಳಿದ ಹಾಗೆಯೇ ಆಯಿತು. ಡಬ್ಬಿ ತೆರೆದುಕೊಂಡಾಗ ನರ್ಸು ಚಪ್ಪಾಳೆ ತಟ್ಟಿದಳು. ನನ್ನಿಂದ ತಟ್ಟಲಾಗದ ಚಪ್ಪಾಳೆ ಅದು, ಆದರೂ ಸ್ವಲ್ಪ ಹಿತವಾಯಿತು. ಬೆಣ್ಣೆ ಹೆರೆದು ಹಾಸಿದೆ. ಮುಕ್ಕಾಲು ಗಂಟೆ ಬೇಯಿಸಿದೆ.

ಹೊರಗೆ ಬಂದದ್ದು ಗೋಂದು. ಗೋಡೆಗೆ ಪೋಸ್ಟರ್ ಅಂಟಿಸಬಹುದು. ಮೇಲೆ ಜಿಗುಟು, ಒಳಗೆ ಹಸಿ, ಮಧ್ಯೆ ಅನಾನಸ್ಸು ಮುಳುಗಿ ಸತ್ತಿದೆ. ಇಂಥದ್ದಕ್ಕೇ ಹತ್ತರಲ್ಲಿ ಒಂಬತ್ತು ಕೊಟ್ಟೆಯಾ? ನಿನ್ನ ನಾಲಿಗೆಗೂ ಪಾರ್ಶ್ವವಾಯು ಹೊಡೆದಿದೆ.

ಇನ್ನು ಹನ್ನೆರಡು ದಿನ ಇದೆ.

ಅಕ್ಕ


ಮಾರ್ಚ್ 9

ಅಕ್ಕಾ,

ಕಲಕಿದೆಯಾ?

ತಂಗಿ


ಮಾರ್ಚ್ 11

ಸ್ವಲ್ಪ.

ಅಕ್ಕ


ಮಾರ್ಚ್ 13

ಅಕ್ಕಾ,

ಗೊತ್ತಿತ್ತು. ಇಡೀ ಲೋಕದಲ್ಲಿ ಈ ತಿನಿಸನ್ನು ಕೆಡಿಸಬಲ್ಲವರು ಒಂದೇ ಜಾತಿಯ ಜನ: ಅಡುಗೆ ಚೆನ್ನಾಗಿ ಬಲ್ಲವರು. ಏನೂ ಬಾರದವರು ಹೇಳಿದಷ್ಟು ಮಾಡಿ ಟೀವಿ ಮುಂದೆ ಕೂರುತ್ತಾರೆ, ಅವರದ್ದು ಚಿನ್ನದ ಬಣ್ಣಕ್ಕೆ ಬೇಯುತ್ತದೆ. ನಿನ್ನಂಥವರಿಗೆ ಬಟ್ಟಲಲ್ಲಿ ಹಿಟ್ಟು ಒಣಗಿ ಕೂತಿದ್ದರೆ ತಡೆಯಲಾಗುವುದಿಲ್ಲ. "ಸ್ವಲ್ಪ" ಎಂದು ಚಮಚ ಹಾಕುತ್ತಾರೆ.

ಮೇಲಿಂದ ಬೆಣ್ಣೆ ಕರಗಿ ಇಳಿಯುತ್ತದೆ. ಕೆಳಗಿಂದ ಹಣ್ಣಿನ ರಸ ಕುದಿದು ಏರುತ್ತದೆ. ಎರಡೂ ನಡುವೆ ಎಲ್ಲೋ ಭೇಟಿಯಾಗುತ್ತವೆ. ಪರಿಚಯ ಮಾಡಿಸಲು ನೀನು ಬೇಡ.

ನೀನು ಎಲ್ಲವನ್ನೂ ಕಲಕಿದವಳು. ನನ್ನ ಹಿಟ್ಟು, ನನ್ನ ಜಡೆ, ನನಗೆ ಬಂದ ಎರಡು ಸಂಬಂಧ. ಎಲ್ಲ ಒಳ್ಳೆಯದಕ್ಕೇ, ಗೊತ್ತು. ಒಂದೇ ಒಂದು ಸಲ, ಮುಕ್ಕಾಲು ಗಂಟೆ, ಕೈಕಟ್ಟಿ ಕೂರು. ಒಂದೇ ಕೈಯಾದ್ದರಿಂದ ಕಟ್ಟಲಾಗದಿದ್ದರೆ ಅದರ ಮೇಲೆ ಕೂರು.

ಪೊಟ್ಟಣ ಮತ್ತೆ ಕಳಿಸುತ್ತಿದ್ದೇನೆ. ಅದೇ ಪೊಟ್ಟಣ; ನೀನು ವಾಪಸ್ ಮಾಡಿದ್ದು. ಮೂಲೆಯಲ್ಲಿ ನಿನ್ನ ಹೆಬ್ಬೆರಳಿನ ಮಸಿ ಗುರುತಿದೆ. ಮೂಸಿ ನೋಡಿಲ್ಲ ಎಂದು ಬರೆದಿದ್ದೆ. ಮೂಗಿನ ಮಸಿಯೂ ಇದೆ.

ಪುಟ್ಟಿ


ಮಾರ್ಚ್ 19

ಪುಟ್ಟಿ,

ನಿನ್ನೆ ಹತ್ತು ಗಂಟೆಗೆ ಪರೀಕ್ಷೆ. ಮಗ ಕ್ಲಿನಿಕ್ಕಿಗೆ ರಜೆ ಹಾಕಿ ಬಂದಿದ್ದ. ಸೊಸೆ ಹಣ್ಣಿನ ಚೀಲ ಹಿಡಿದು ಬಂದಿದ್ದಳು. ಇಬ್ಬರ ಮುಖವೂ, ಸ್ಕ್ಯಾನ್ ರಿಪೋರ್ಟ್ ನೋಡುವಾಗ ಹೇಗಿತ್ತೋ ಹಾಗೇ. ಕೈಟೀಚರ್ ಒಂದು ಕಾಗದ ಹಿಡಿದು ನಿಂತಳು, ಅದರಲ್ಲಿ ಗುರುತು ಹಾಕುವ ಚೌಕಗಳ ಸಾಲು.

ನಾನು ಬೇಕರಿಯಿಂದ ನನ್ನ ಓವನ್ ಹಲಗೆ ತರಿಸಿಕೊಂಡಿದ್ದೆ. ಬ್ರೆಡ್ ಒಳಗಿಟ್ಟು ತೆಗೆಯುವ ಆ ಉದ್ದ ಹಿಡಿಯ ಮರದ ಹಲಗೆ. ಮಗ ಅದನ್ನು ಕಾರಿನ ಕಿಟಕಿಯಿಂದ ಹೊರಗೆ ಚಾಚಿಕೊಂಡು ತಂದ. "ದೋಣಿ ನಡೆಸೋಕೆ ಹೊರಟಿದೀಯೇನಮ್ಮಾ?" ಎಂದ. "ಕಾದು ನೋಡು" ಎಂದೆ.

ಡಬ್ಬಿ ತೆರೆದೆ. ಹಣ್ಣು ಸುರಿದೆ. ಪೊಟ್ಟಣ ಕತ್ತರಿಸಿದೆ. ಸೊಸೆ ಮಗನ ಕಡೆ ನೋಡಿದಳು, ಮಗ ನೆಲದ ಕಡೆ ನೋಡಿದ. ಪೊಟ್ಟಣ ಕಂಡರೆ ಉಗಿಯುತ್ತಿದ್ದ ಅಮ್ಮ ಪೊಟ್ಟಣ ಒಡೆಯುತ್ತಿದ್ದಾಳೆಂದರೆ ತಲೆ ಪೂರ್ತಿ ಹೋಗಿದೆ ಎಂದುಕೊಂಡಿರಬೇಕು. ಪುಡಿ ಉದುರಿಸಿದೆ. ಬೆಣ್ಣೆ ಹೆರೆದು ಒಂದೊಂದೇ ಎಸಳು ಹಾಸಿದೆ. ಹದಿನೆಂಟು ನಿಮಿಷ ಹಿಡಿಯಿತು. ಬಲಗೈ ಮೇಜಿನ ಮೇಲೆ ಮಲಗಿ ಎಲ್ಲ ನೋಡುತ್ತಿತ್ತು.

ತಟ್ಟೆಯನ್ನು ಹಲಗೆಯ ಮೇಲೆ ಎಳೆದುಕೊಂಡೆ. ಆಗ ಮಗ ಎದ್ದ. ಚಮಚ ಅವನ ಕೈಯಲ್ಲಿತ್ತು. "ಅಮ್ಮಾ, ಕಲಸೋದು ಮರ್ತೆ ನೋಡು. ಇರು, ನಾನು..."

ಸೊಸೆ ಪಿಸುಗುಟ್ಟಿದಳು, "ಪಾಪ, ಮರೆವು." ಕೈಟೀಚರ್ ಪೆನ್ನು ಕಾಗದದ ಮೇಲೆ ಇಳಿಯಿತು.

ಚಮಚ ತಟ್ಟೆಗೆ ನಾಲ್ಕು ಬೆರಳು ದೂರದಲ್ಲಿತ್ತು. ಅದು ಒಳಗೆ ಹೋದರೆ ಪರೀಕ್ಷೆಯೂ ಹೋಯಿತು, ತಿನಿಸೂ ಹೋಯಿತು, ಮನೆಯೂ ಹೋಯಿತು. ಅವನು ಹುಟ್ಟಿದ ಮೇಲೆ ಅಷ್ಟು ಜೋರಾಗಿ ನಾನು ಕೂಗಿಲ್ಲ. "ಕೈ ತೆಗಿಯೋ! ಆ ಚಮಚ ನಿನ್ನ ಬಾಯಿಗೆ ಹೋಗೋದಾದ್ರೆ ಹೋಗ್ಲಿ, ಇದರೊಳಗೆ ಹೋಗಕೂಡದು!"

ನಿನ್ನೆ ಮೊದಲ ಸಲ ಅವನಿಗೆ ನನ್ನ ಬಗ್ಗೆ ಭಯವಾಗಲಿಲ್ಲ, ನನ್ನನ್ನು ಕಂಡು ಭಯವಾಯಿತು. ಅದು ಎಷ್ಟು ಒಳ್ಳೆಯ ಭಯ! ಕೂತುಬಿಟ್ಟ.

ಕೈಟೀಚರ್ ಮೆಲ್ಲಗೆ ಕೇಳಿದಳು, "ಅಮ್ಮಾ, ನಿಜ ಹೇಳಿ. ನೀವು ಮರೆತಿಲ್ಲ ತಾನೇ?"

"ಮರೆಯೋದು ನನಗೆ ಬರಲ್ಲಮ್ಮಾ. ಹನ್ನೊಂದು ವರ್ಷದಿಂದ ಪ್ರಯತ್ನ ಮಾಡ್ತಾನೇ ಇದೀನಿ" ಎಂದೆ.

ಒಳಗಿಟ್ಟೆ. ಆಮೇಲಿನ ಮುಕ್ಕಾಲು ಗಂಟೆ ನೀನು ಹೇಳಿದ ಹಾಗೆ ಎಡಗೈಯ ಮೇಲೆ ಕೂತೆ. ಅಕ್ಷರಶಃ. ಗಾಜಿನ ಹಿಂದೆ ಅದು ಹತ್ತು ನಿಮಿಷ ಏನೂ ಆಗದೆ ಬೆಪ್ಪಾಗಿ ಬಿದ್ದಿತ್ತು. ಒಂದು ಮೂಲೆಯಲ್ಲಿ ಬೆಣ್ಣೆ ತಾಗದ ಬಿಳಿ ಪುಡಿ ಕಾಣುತ್ತಿತ್ತು. ಎದ್ದು ಹೋಗಿ ಸ್ವಲ್ಪ, ಒಂದೇ ಒಂದು ಸುತ್ತು... ಪುಟ್ಟಿ, ಪಾರ್ಶ್ವವಾಯು ಕೂಡ ಅಷ್ಟು ಕಷ್ಟವಾಗಿರಲಿಲ್ಲ.

ಆಮೇಲೆ ಅಂಚಿನಲ್ಲಿ ಗುಳ್ಳೆ ಬಂತು. ಆಮೇಲೆ ಬಣ್ಣ. ಹಲಗೆಯ ಹಿಡಿಯನ್ನು ಎಡಗಂಕುಳಲ್ಲಿ ಒತ್ತಿಕೊಂಡು, ತಟ್ಟೆಯ ಕೆಳಗೆ ನೂಕಿ, ಒಂದೇ ಎಳೆತಕ್ಕೆ ಹೊರಗೆ ತಂದೆ. ಕೈಟೀಚರ್ ಕಾಗದದಲ್ಲಿ 'ಬಿಸಿ ಪಾತ್ರೆ ಹಿಡಿಯುವ ವಿಧಾನ' ಎಂಬ ಚೌಕ ಇತ್ತಂತೆ. ಅವಳು ಅಲ್ಲಿ ಗುರುತು ಹಾಕದೆ ದೋಣಿಯ ಚಿತ್ರ ಬರೆದಳು.

ಹಂಚಿದೆ. ಮಗ ಒಂದು ಚಮಚ ಬಾಯಿಗಿಟ್ಟು ಕಣ್ಣು ಮುಚ್ಚಿದ. ಆ ಕಣ್ಣು ಮುಚ್ಚುವುದು ನನ್ನ ಕಡೆಯಿಂದ ಬಂದದ್ದು. "ಅಮ್ಮಾ, ಅದೇ ಕೈರುಚಿ ಕಣಮ್ಮಾ. ನಿನ್ನದೇ" ಎಂದ.

ನನ್ನದೇ. ಹೌದು ಎಂದಿದ್ದರೆ ಯಾರೂ ಕೇಳುತ್ತಿರಲಿಲ್ಲ.

ಖಾಲಿ ಪೊಟ್ಟಣ ತೆಗೆದು ಮೇಜಿನ ನಡುವೆ ಇಟ್ಟೆ. "ನನ್ನ ಕೈರುಚಿ ಅಲ್ಲ. ಇದು ನಿನ್ನ ಚಿಕ್ಕಮ್ಮನದು. ಹನ್ನೊಂದು ವರ್ಷದ ಹಿಂದೆ ಅವಳ ಕೇಕನ್ನು ನನ್ನದು ಅಂದೆ. ಅದು ತಪ್ಪು. ಇನ್ನೊಂದ್ಸಲ ಅದೇ ತಪ್ಪು ಮಾಡಲ್ಲ" ಎಂದೆ. ಸೊಸೆ ಎರಡನೇ ಸಲ ಹಾಕಿಸಿಕೊಂಡಳು. ಕೈಟೀಚರ್ ಸಹಿ ಮಾಡಿದಳು.

ಟೈಲರ್ ದಂಪತಿಗೆ ಮಗನೇ ಫೋನ್ ಮಾಡಿದ. ಮಾತಾಡುವಾಗ ಬಾಗಿಲ ಕಡೆ ತಿರುಗಿ ನಿಂತಿದ್ದ. ಬಹಳ ಹೊತ್ತು ತಿರುಗಿಯೇ ನಿಂತಿದ್ದ.

ಅಕ್ಕ


ಏಪ್ರಿಲ್ 2

ಪುಟ್ಟಿ,

ಹದಿನಾಲ್ಕು ದಿನದಿಂದ ನಿನ್ನ ಉತ್ತರವಿಲ್ಲ. ಅಳುತ್ತಿದ್ದೀಯ. ಅತ್ತು ಮುಗಿಸಿ ಮುಂದೆ ಓದು.

ನಾನು ನನ್ನ ಮನೆಯಲ್ಲಿದ್ದೇನೆ. ಮಂಚದ ಜಾಗದಲ್ಲಿ ಮಂಚವೇ ಇದೆ. ಮಗ ಬೆಳಿಗ್ಗೆ ಸಂಜೆ ಫೋನ್ ಮಾಡಿ "ಬಿದ್ಯಾ?" ಎನ್ನುತ್ತಾನೆ. "ಇನ್ನೂ ಇಲ್ಲ, ಬಿದ್ದ ಮೇಲೆ ಹೇಳ್ತೀನಿ" ಎನ್ನುತ್ತೇನೆ. ಮೊನ್ನೆ ಅಂಗಿಯ ಗುಂಡಿ ಹಾಕಿಕೊಳ್ಳಲು ಇಪ್ಪತ್ತು ನಿಮಿಷ ಬೇಕಾಯಿತು. ಹಾಕಿಕೊಂಡೆ. ಒಂದು ಗುಂಡಿ ತಪ್ಪಿ, ಮೇಲಿನದ್ದು ಕೆಳಗಾಗಿತ್ತು. ಹಾಗೆಯೇ ಪೇಟೆಗೆ ಹೋಗಿ ಬಂದೆ. ನೋಡುವವರು ನೋಡಿಕೊಳ್ಳಲಿ.

ನಿನ್ನೆ ಹಿಂಬಾಗಿಲಿನಿಂದ ಬೇಕರಿಗೆ ಇಳಿದೆ. ಓವನ್ ಒರೆಸಿದೆ. ಒಂದು ರಟ್ಟಿನ ಮೇಲೆ ಎಡಗೈಯಲ್ಲಿ ಬೋರ್ಡ್ ಬರೆದೆ. ಮೂರು ರಟ್ಟು ಹಾಳಾದವು, ನಾಲ್ಕನೆಯದರಲ್ಲಿ ಅಕ್ಷರ ಕೂತಿತು:

'ಇಲ್ಲಿ ಬಿಸಿ ಕಾಬ್ಲರ್ ಸಿಗುತ್ತದೆ. ಹಣ್ಣು ಡಬ್ಬಿಯದ್ದು. ಹಿಟ್ಟು ಪೊಟ್ಟಣದ್ದು. ಕೈ ಎಡದ್ದು. ಇಷ್ಟವಿಲ್ಲದವರು ಮುಂದಿನ ಅಂಗಡಿಗೆ ಹೋಗಬಹುದು.'

ಮಗ ಓದಿ ತಲೆ ಚಚ್ಚಿಕೊಂಡ. "ಇಷ್ಟೆಲ್ಲ ಯಾಕಮ್ಮಾ ಹೇಳ್ಕೋಬೇಕು? ಯಾರು ಕೇಳ್ತಾರೆ?" ಎಂದ. ಯಾರೂ ಕೇಳುವುದಿಲ್ಲ ಎಂದೇ ಹೇಳಿಕೊಳ್ಳುತ್ತಿದ್ದೇನೆ.

ಒಂದೇ ತೊಂದರೆ. ಬೋರ್ಡು ಒಳಗಿದೆ, ಜನ ಹೊರಗಿದ್ದಾರೆ, ಷಟರ್ ಮುಚ್ಚಿದೆ. ಅದನ್ನು ಎತ್ತಿಕೊಡಲು ಮಗ ಸಿದ್ಧ. ಪಕ್ಕದ ಅಂಗಡಿಯವನೂ ಸಿದ್ಧ. ಮೋಟಾರು ಹಾಕಿಸಿಬಿಡೋಣ, ಗುಂಡಿ ಒತ್ತಿದರೆ ಸಾಕು ಎಂದು ಸೊಸೆ. ಯಾವುದೂ ಬೇಡ ಎಂದಿದ್ದೇನೆ.

ನಿನ್ನನ್ನು ಬಾ ಎಂದು ಕರೆಯುತ್ತಿಲ್ಲ. ಈ ಷಟರ್ ಒಳಗೆ ಕಾಲಿಡಬೇಡ ಎಂದು ಅವತ್ತು ಬೀದಿಗೆಲ್ಲ ಕೇಳುವ ಹಾಗೆ ಹೇಳಿದವಳು ನಾನು. ಆ ಮಾತು ಹಾಗೇ ಇದೆ, ಷಟರ್ ಕೂಡ ಹಾಗೇ ಇದೆ. ಎರಡೂ ನನ್ನೊಬ್ಬಳಿಂದ ಏಳುತ್ತಿಲ್ಲ.

ಅಕ್ಕ


ಏಪ್ರಿಲ್ 7

ಅಕ್ಕಾ,

ಶನಿವಾರ ಬೆಳಿಗ್ಗೆ ಆರು ಗಂಟೆಗೆ ಬೀದಿಯಲ್ಲಿರುತ್ತೇನೆ. ಅದಕ್ಕೆ ಮೊದಲು ನೀನು ಷಟರ್ ಮುಟ್ಟಬೇಡ. "ಸ್ವಲ್ಪ" ಕೂಡ ಮುಟ್ಟಬೇಡ.

ಹತ್ತೊಂಬತ್ತು ವರ್ಷ ಎಡ ತುದಿ ನನ್ನದಾಗಿತ್ತು. ಈಗ ಅದು ನಿನಗೆ. ನಾನು ಬಲಕ್ಕೆ ಬರುತ್ತೇನೆ.

ಪುಟ್ಟಿ